ಹಗುರ ಚೀಲ

ಪ್ರಯಾಣಕ್ಕೆ ಹೊರಡುವಾಗ ನನ್ನ ಚೀಲವನ್ನು ಒಂದೇ ಬೆರಳಿನಲ್ಲಿ ಎತ್ತಿ ತೋರಿಸುವುದು ನನಗಿದ್ದ ಸಣ್ಣಪುಟ್ಟ ಜಂಬಗಳಲ್ಲಿ ಒಂದು. ಮೂರು ಅಂಗಿ, ಎರಡು ಷರಾಯಿ. ಅಂಗಿಗಳು ಬಿಳಿ, ತಿಳಿನೀಲಿ, ಬೂದು; ಷರಾಯಿಗಳು ಕಪ್ಪು, ಕಂದು. ಯಾವ ಅಂಗಿಗೆ ಯಾವ ಷರಾಯಿ ತೊಟ್ಟರೂ ಒಪ್ಪುತ್ತದೆ. ಮೂರೆರಡಲ ಆರು, ಐದು ಬಟ್ಟೆಯಲ್ಲಿ ಆರು ದಿನದ ವೇಷ! ಎರಡು ದಿನದ ಮದುವೆಗೆ ನನ್ನ ಹೆಂಡತಿ ನಾಲ್ಕು ಸೀರೆ ಇಟ್ಟುಕೊಳ್ಳುವುದನ್ನು ಕಂಡು ನಾನು ಅಪರಿಗ್ರಹದ ಮೇಲೆ ಉಪನ್ಯಾಸ ಮಾಡಿದ್ದೂ ಉಂಟು. ಆಕೆ ಅದನ್ನು ಕೇಳಿಸಿಕೊಳ್ಳುತ್ತಲೇ ನನ್ನ ಶಾಲನ್ನೂ ತನ್ನ ಪೆಟ್ಟಿಗೆಗೆ ಸೇರಿಸುತ್ತಿದ್ದಳು. ಆಗ ನನಗದು ಲೆಕ್ಕಕ್ಕೆ ಬರಲಿಲ್ಲ.

ಲೆಕ್ಕ ತಪ್ಪಿದ್ದು ತಿಳಿದದ್ದು ತೀರ್ಥಹಳ್ಳಿಯ ಹತ್ತಿರ, ಅಕ್ಕನ ಮನೆಯಲ್ಲಿ. ಅವಳ ಮಗಳ ಮಗುವಿಗೆ ನಾಮಕರಣ. ಜುಲೈ ತಿಂಗಳು. ಆ ಸೀಮೆಯ ಜುಲೈ ಎಂದರೆ ಬೆಂಗಳೂರಿನವರಿಗೆ ವಿವರಿಸುವುದು ಕಷ್ಟ. ಅಲ್ಲಿ ಮಳೆ ಬರುವುದಿಲ್ಲ, ಇರುತ್ತದೆ. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಒಂದು ಜೊತೆ ತೊಯ್ದು ಹೋಯಿತು. ಮರುದಿನ ಅಂಗಳದ ಕೆಸರಿಗೆ ಇನ್ನೊಂದು. ಉಳಿದದ್ದು ಒಂದು ಅಂಗಿ. ಅದನ್ನು ಯಾವುದರಿಂದ ಗುಣಿಸಲಿ?

ಆದರೂ ನನಗೆ ತೊಂದರೆಯೇನೂ ಆಗಲಿಲ್ಲ. ಬೆಳಗ್ಗೆ ಕಣ್ಣು ಬಿಟ್ಟರೆ ಮಂಚದ ಪಕ್ಕದಲ್ಲಿ ಒಗೆದು ಒಣಗಿಸಿ ಮಡಿಸಿದ ಅಂಗಿ ಇರುತ್ತಿತ್ತು. ಅದಕ್ಕೆ ಕೊಂಚ ಹೊಗೆಯ ವಾಸನೆ. ಮಲೆನಾಡಿನ ವಾಸನೆಯೆಂದು ಮೆಚ್ಚಿಕೊಂಡು ತೊಟ್ಟುಕೊಂಡೆ.

ನಾಲ್ಕನೆಯ ರಾತ್ರಿ ಹನ್ನೊಂದು ಗಂಟೆಯ ಮೇಲೆ ನೀರು ಕುಡಿಯಲೆಂದು ಎದ್ದವನು ಬಚ್ಚಲ ಕಡೆ ಬೆಳಕು ಕಂಡು ಹೋದೆ. ಹಂಡೆಯೊಲೆಯ ಮುಂದೆ, ಎಪ್ಪತ್ತು ದಾಟಿದ ಅಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ನನ್ನ ತಿಳಿನೀಲಿ ಅಂಗಿಯನ್ನು ಎರಡೂ ಕೈಯಲ್ಲಿ ಬೆಂಕಿಗೆ ಹಿಡಿದು, ಒಂದು ಮೈ ಬಿಸಿಯಾದೊಡನೆ ಇನ್ನೊಂದು ಮೈಗೆ ತಿರುಗಿಸುತ್ತಿದ್ದಳು. ಹಗಲೆಲ್ಲ ಆ ಒಲೆಯ ಸುತ್ತ ಬಾಣಂತಿಯ ಬಟ್ಟೆಗೆ, ಕೂಸಿನ ಬಟ್ಟೆಗೇ ಜಾಗ ಸಾಲದು. ನನ್ನದರ ಸರದಿ ರಾತ್ರಿ.

“ನಾಳೆಗೆ ನಿಂಗೆ ಅಂಗಿ ಬೇಕಲ್ಲ ಮಾರಾಯ” ಎಂದಳು. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ನನ್ನ ಚೀಲದಿಂದ ನಾನು ಇಳಿಸಿದ ತೂಕ ಎಲ್ಲಿಗೂ ಹೋಗಿರಲಿಲ್ಲ. ಅದು ಅವಳ ನಿದ್ದೆಯ ಮೇಲೆ ಕೂತಿತ್ತು. ಹಿಂದೆ ಟ್ರಂಕು, ಹೋಲ್ಡಾಲುಗಳ ಕಾಲದಲ್ಲಿ ನಮ್ಮ ಸಾಮಾನು ರೈಲು ನಿಲ್ದಾಣದ ಹಮಾಲಿಯ ತಲೆಯ ಮೇಲಿರುತ್ತಿತ್ತು. ಅವನೊಡನೆ ನಾಲ್ಕಾಣೆಗೆ ಚೌಕಾಸಿ ಮಾಡುವಷ್ಟು ಸಣ್ಣವರೇ ನಾವು. ಆದರೂ ಹೊರೆ ಯಾರ ತಲೆಯ ಮೇಲಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಅದಕ್ಕೊಂದು ಕೂಲಿಯೂ ಇತ್ತು. ಹಗುರ ಚೀಲದವನು ಹೊರಿಸುವ ಹೊರೆಗೆ ಕೂಲಿಯಿಲ್ಲ. ಸಾಲದ್ದಕ್ಕೆ ಅವನಿಗೆ ಸರಳಜೀವಿ ಎಂಬ ಹೆಸರು ಬೇರೆ.

ಬೌದ್ಧ ಭಿಕ್ಷುಗಳಿಗೆ ಮೂರೇ ಚೀವರಗಳೆಂಬುದು ಎಲ್ಲರೂ ಬಲ್ಲ ಸಂಗತಿ: ಉಡಲು ಅಂತರವಾಸಕ, ಮೇಲೆ ಹೊದೆಯಲು ಉತ್ತರಾಸಂಗ, ಚಳಿಗೆ ಎರಡು ಪದರದ ಸಂಘಾಟಿ. ಹೆಚ್ಚಿನ ಬಟ್ಟೆ ಸಿಕ್ಕಿದರೆ ಹತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದೂ ಪಾಲಿ ವಿನಯಪಿಟಕ ಹೇಳುತ್ತದೆ. ನನ್ನ ಉಪನ್ಯಾಸಕ್ಕೆ ಇಷ್ಟು ಸಾಕಾಗಿತ್ತು. ಆದರೆ ಅದೇ ನಿಯಮಗಳ ಸಾಲಿನಲ್ಲಿ ಇನ್ನೊಂದಿದೆ: ತನಗೆ ಬಂಧುವಲ್ಲದ ಭಿಕ್ಷುಣಿಯ ಕೈಯಲ್ಲಿ ಭಿಕ್ಷುವು ತನ್ನ ಹಳೆಯ ಚೀವರವನ್ನು ಒಗೆಸಬಾರದು; ಒಗೆಸಿದರೆ ಆ ಬಟ್ಟೆಯನ್ನು ಬಿಟ್ಟುಕೊಟ್ಟು ತಪ್ಪೊಪ್ಪಿಕೊಳ್ಳಬೇಕು. ಮೂರೇ ಬಟ್ಟೆ ಎಂದು ಗೆರೆ ಎಳೆದವರಿಗೆ, ಆ ಮೂರನ್ನು ಯಾರು ಒಗೆಯುತ್ತಾರೆಂದು ಕೇಳಬೇಕೆಂಬುದೂ ಹೊಳೆದಿತ್ತು. ನಾನು ಮೊದಲನೆಯದನ್ನು ಮಾತ್ರ ಉರು ಹೊಡೆದಿದ್ದೆ. ಬಂಧುವಾದರೆ ದೋಷವಿಲ್ಲವಂತೆ. ಅಕ್ಕ ಬಂಧುವೇ. ಶಾಸ್ತ್ರ ನನ್ನನ್ನು ಬಿಟ್ಟುಬಿಡುತ್ತದೆ. ಆ ಒಲೆಯ ಬೆಳಕು ಬಿಡುವುದಿಲ್ಲ.

ಮರುದಿನ ಬೆಳಗ್ಗೆ ಬೇಗ ಎದ್ದು ನನ್ನ ಬಟ್ಟೆಯನ್ನು ನಾನೇ ಒಗೆಯುವ ಕಲ್ಲಿಗೆ ತೆಗೆದುಕೊಂಡು ಹೋದೆ. ಎರಡು ಸಲ ಕುಕ್ಕುವುದರೊಳಗೆ ಅಕ್ಕ ಬಂದು ಕಸಿದುಕೊಂಡಳು. “ನಮ್ಮನೇಲಿ ಬಟ್ಟೆ ಒಗೆಯೋಕೆ ಬಂದಿದ್ದೇನೋ ನೀನು?” ಎಂದು ಸೆರಗಿನಲ್ಲಿ ಕಣ್ಣೊರಸಿಕೊಂಡಳು. ಅವಳ ಕೈಯಿಂದ ಒಗೆಸುವುದು ತಪ್ಪಾದರೆ, ಒಗೆಯಬೇಡ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪಾಗಿ ಕಂಡಿತು. ಇದಕ್ಕೆ ಉತ್ತರ ನನಗೆ ಯಾವ ಪಿಟಕದಲ್ಲಿಯೂ ಸಿಕ್ಕಿಲ್ಲ. ಕೊನೆಗೆ ಅವಳು ಒಗೆದಳು, ನಾನು ಹಿಂಡಿದೆ.

ಮುಂದಿನ ಮಳೆಗಾಲಕ್ಕೆ ಮತ್ತೆ ಹೋದೆ. ಈ ಸಲ ದೊಡ್ಡ ಪೆಟ್ಟಿಗೆ, ಏಳು ಅಂಗಿ, ನಾಲ್ಕು ಷರಾಯಿ, ಒಂದು ಪಂಚೆ. ಹೆಂಡತಿ ನಕ್ಕಳು, ಇಬ್ಬರಿಗೂ ಉಪನ್ಯಾಸ ನೆನಪಿತ್ತು. ಅಕ್ಕನ ಮನೆಯ ಮೆಟ್ಟಿಲಿನ ಮೇಲೆ ಪೆಟ್ಟಿಗೆಯನ್ನು ಇಟ್ಟು ಸುಧಾರಿಸಿಕೊಳ್ಳುತ್ತಿದ್ದಾಗ ಅವಳು ಹೊರಗೆ ಬಂದು ಅದನ್ನು ನೋಡಿದಳು. ಮುಖ ಅರಳಿತು.

“ಇಷ್ಟು ದೊಡ್ಡ ಪೆಟ್ಟಿಗೆ! ಹಂಗಾರೆ ಒಂದು ತಿಂಗಳು ಇರ್ತೀಯ ಅನ್ನು.”

ಮೂರು ದಿನಕ್ಕೆಂದು ಬಂದಿದ್ದೇನೆ ಎಂದು ಹೇಳಲು ಆ ರಾತ್ರಿ ಊಟವಾಗುವವರೆಗೂ ನನಗೆ ಬಾಯಿ ಬರಲಿಲ್ಲ.