ಪಾಕ್ ಎಂದರೆ ಯಾರು?

ಚಂದಗುಳಿಯ ನಮ್ಮ ಮನೆಯ ಜಗುಲಿಯಲ್ಲಿ ತಂಗಿಯ ಮಗ ಭೂಪಟ ಹರಡಿಕೊಂಡು ಕೂತಿದ್ದ. ಭಾರತಕ್ಕೂ ಶ್ರೀಲಂಕಾಕ್ಕೂ ನಡುವಿನ ನೀಲಿಯ ಮೇಲೆ ಬೆರಳಿಟ್ಟು, ‘ಮಾವಾ, ಪಾಕ್ ಜಲಸಂಧಿ ಅಂತಿದ್ದು. ಪಾಕಿಸ್ತಾನ ಇಲ್ಲೂ ಇದ್ದಾ?’ ಅಂದ. ಅವನದು ತಪ್ಪಲ್ಲ. ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ಪಾಕ್ ಎಂದರೆ ಅದೊಂದೇ. ನಾನು ಬಾಯಿ ತೆರೆಯುವ ಮೊದಲೇ, ಊಟಕ್ಕೆ ಬಂದಿದ್ದ ನೆಂಟರು ಹೇಳಿದರು: ‘ಹೆಸರಿಗೆ ಅರ್ಥ ಹುಡುಕಬೇಡ ಮಾಣಿ. ಅದು ಚೀಟಿ ಇದ್ದ ಹಾಗೆ. ಬಾಯಿಪಾಠ ಮಾಡು.’

ಆ ಮಾತು ಎರಡು ದಿನ ನನ್ನನ್ನು ಕೊರೆಯಿತು. ಮಗು ಕೇಳಿದ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರವೂ ಇದೆ: ಪಾಕ್ ಎಂದರೆ ರಾಬರ್ಟ್ ಪಾಕ್, ಪಾದ್ರಿಯಾಗಿ ಬಂದು 1763ರಿಂದ 1767ರವರೆಗೆ ಮದರಾಸಿನ ಗವರ್ನರ್ ಆಗಿದ್ದವನು. ಇಂಗ್ಲಿಷ್ ಬರಹದಲ್ಲಿ ಅವನ ಹೆಸರಿನ ನಡುವೆ ಒಂದು ಲಕಾರವಿದೆ. ‘ವಾಕ್’, ‘ಟಾಕ್’ಗಳಲ್ಲಿ ಅಡಗುವಂತೆ ಅದೂ ಅಡಗಿ, ಕನ್ನಡಕ್ಕೆ ಬರುವಾಗ ಪೂರ್ತಿ ಬಿದ್ದುಹೋಯಿತು.

ರೂಢಿ, ಯೋಗ, ಯೋಗರೂಢಿ ಎಂದು ನಮ್ಮ ಶಾಸ್ತ್ರಕಾರರು ಪದಗಳನ್ನು ವಿಂಗಡಿಸಿದ್ದಾರೆ. ಆ ವಿಂಗಡಣೆ ನನ್ನನ್ನು ಎಂದೂ ಹಿಡಿದಿಲ್ಲ. ನೆಂಟರ ಮಾತಿನ ಹಿಂದೆ ನಿಜವಾಗಿ ನಿಂತಿರುವವನು ಜಾನ್ ಸ್ಟುವರ್ಟ್ ಮಿಲ್. 1843ರ ತನ್ನ ತರ್ಕಗ್ರಂಥದಲ್ಲಿ ಅವನು ವಾದಿಸಿದ್ದು ಇದನ್ನೇ: ಅಂಕಿತನಾಮ ವಸ್ತುವನ್ನು ತೋರಿಸುತ್ತದೆ, ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವನ ಉದಾಹರಣೆ ಡಾರ್ಟ್‌ಮತ್, ಡಾರ್ಟ್ ನದಿಯ ಬಾಯಲ್ಲಿರುವ ಊರು. ಮರಳು ತುಂಬಿ ಆ ಬಾಯಿ ಮುಚ್ಚಿದರೂ, ಭೂಕಂಪವಾಗಿ ನದಿಯೇ ದೂರ ಸರಿದರೂ, ಊರಿನ ಹೆಸರು ಬದಲಾಗಬೇಕಾಗಿಲ್ಲ. ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ದುಡಿದವನು. ಕಾಗದದ ಮೇಲಷ್ಟೇ ಈ ನಾಡನ್ನು ಕಂಡವನಿಗೆ ಹೆಸರು ಬರೀ ಗುರುತಾಗಿ ತೋರಿದ್ದು ಸಹಜ ಎಂದು ನಾನು ಬಹುಕಾಲ ನಂಬಿದ್ದೆ.

ಅವನಿಗೆ ಕೊಡಲು ನನ್ನ ಬಳಿ ಉತ್ತರವೂ ಸಿದ್ಧವಿತ್ತು. ಸಿದ್ದಾಪುರದ ಸೀಮೆಯಲ್ಲಿ ಅಘನಾಶಿನಿ ಧುಮುಕುವ ಉಂಚಳ್ಳಿಗೆ ನಮ್ಮವರು ಕೆಪ್ಪ ಜೋಗ ಎನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿ ನಿಂತರೆ ಪಕ್ಕದವರ ಮಾತು ಕೇಳದು. ಇಂಗ್ಲಿಷಿನಲ್ಲಿ ಅದು ಲಷಿಂಗ್ಟನ್ ಜಲಪಾತ, ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಸರು. ಒಂದು ಹೆಸರಿನಲ್ಲಿ ನೀರು ಇದೆ, ಇನ್ನೊಂದರಲ್ಲಿ ನೋಡಿದವನು ಮಾತ್ರ ಇದ್ದಾನೆ. ಎರಡೂ ಬರೀ ಚೀಟಿ ಎನ್ನುವುದು ಹೇಗೆ?

ಆದರೆ ಒಂದು ಏಪ್ರಿಲ್‌ನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಬಂಡೆಯ ಮೇಲೆ ನೀರು ತೆಳ್ಳಗೆ ಇಳಿಯುತ್ತಿತ್ತು. ಕಾಡಿನೊಳಗಿನ ಕುಟುರ ಹಕ್ಕಿಯ ಕೂಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆಗಲೂ ಅದನ್ನು ಕೆಪ್ಪ ಜೋಗ ಎಂದೇ ಕರೆದೆ. ಮಿಲ್‌ನ ಬತ್ತಿದ ನದೀಮುಖ ಇದೇ ತಾನೆ? ಅಘನಾಶಿನಿ ಎಂದು ಸಾವಿರ ಸಲ ಅಂದಿರಬಹುದು. ಪಾಪ ಕಳೆಯುವವಳು ಎಂಬ ಅರ್ಥ ಒಮ್ಮೆಯೂ ಕಿವಿಗೆ ತಾಗಿಲ್ಲ. ಇಲ್ಲಿ ಮಿಲ್‌ಗೆ ತಲೆಬಾಗಲೇಬೇಕು. ದಿನದ ಬಳಕೆಯಲ್ಲಿ ಹೆಸರು ಸವೆಯುತ್ತದೆ. ಸವೆದದ್ದರಿಂದಲೇ ನಾಲಿಗೆಗೆ ಹಗುರಾಗುತ್ತದೆ. ಆದರೂ ಬೇಸಿಗೆಯಲ್ಲಿ ಆ ಹೆಸರು ಹೇಳಿದಾಗ ‘ಕೆಪ್ಪ ಯಾಕೆ?’ ಎಂದು ಮಗು ಕೇಳಬಹುದು, ಆಷಾಢದ ಕಥೆ ಹೇಳಬಹುದು. ಅರ್ಥ ಮಲಗಿದೆ, ಸತ್ತಿಲ್ಲ. ಲಷಿಂಗ್ಟನ್ ಯಾಕೆ ಎಂದು ಕೇಳಿದರೆ ನೀರಿನ ಸುದ್ದಿಯೇ ಬರುವುದಿಲ್ಲ.

ಇಷ್ಟಕ್ಕೆ ನಿಲ್ಲಿಸದೆ ನಾನು ಹೆಸರಿನ ಉಳಿದ ಅರ್ಧಕ್ಕೆ ಕೈಹಾಕಿದೆ. ‘ಪಾಕ್’ ಮೂಕವಾದರೂ ‘ಜಲಸಂಧಿ’ ಮಾತಾಡುತ್ತದಲ್ಲ. ಅದಕ್ಕೆ ಇಂಗ್ಲಿಷಿನವರು ಹೇಳುವ ‘ಸ್ಟ್ರೇಟ್’ ಹುಟ್ಟಿದ್ದು ಬಿಗಿದು ಕಟ್ಟಿದ್ದು ಎಂಬರ್ಥದ ಲ್ಯಾಟಿನ್ ಮಾತಿನಿಂದ. ಅವರಿಗೆ ಕಂಡದ್ದು ಇಕ್ಕಟ್ಟು. ನಮಗೆ ಕಂಡದ್ದು ಸಂಧಿ, ಎರಡು ನೀರು ಕೂಡುವುದು. ಹಡಗಿನವನ ಭಯ ಅಲ್ಲಿ, ಕೂಡುವಿಕೆಯ ನೆಮ್ಮದಿ ಇಲ್ಲಿ. ಇದನ್ನು ನಾನು ಹೆಮ್ಮೆಯಿಂದ ಬರೆದೂ ಇಟ್ಟೆ.

ಮರುದಿನ ಮನೆಗೂ ಕೊಟ್ಟಿಗೆಗೂ ನಡುವೆ ಬಿದ್ದ ಅಡಿಕೆ ಹಾಳೆ ಎತ್ತಲು ಹೋದೆ. ಒಬ್ಬರು ಓರೆಯಾಗಿ ನುಸುಳುವಷ್ಟೇ ಜಾಗ. ಅಮ್ಮ ಒಳಗಿನಿಂದ ಕೂಗಿದಳು: ‘ಆ ಸಂದಿಲಿ ಹಾವಿರ್ತು, ಜೋಪಾನ.’

ಸಂದಿ! ನನ್ನ ‘ಸಂಧಿ’ಯೇ ಮನೆಮಾತಿಗೆ ಇಳಿದು ಇಕ್ಕಟ್ಟಾಗಿತ್ತು. ನಾನು ಇಂಗ್ಲಿಷಿನವರ ತಲೆಗೆ ಕಟ್ಟಿದ್ದ ನೋಟ ನಮ್ಮ ಹಿತ್ತಿಲಲ್ಲೇ ಇತ್ತು. ಕೂಡುವಿಕೆಯಾದರೂ ಯಾರದು? ನೀರು ಕೂಡುವಲ್ಲೇ ನೆಲ ಬೇರೆಯಾಗಿದೆ. ಸಂಧಿ ಎಂದರೆ ಒಪ್ಪಂದವೂ ಹೌದು: 1974ರಲ್ಲಿ ಎರಡು ದೇಶಗಳು ಅಲ್ಲಿ ಗಡಿ ಎಳೆದುಕೊಂಡವು, ಕಚ್ಚತೀವು ದ್ವೀಪ ಶ್ರೀಲಂಕಾದ ಕಡೆಗೆ ಹೋಯಿತು. ಇವತ್ತಿಗೂ ರಾಮೇಶ್ವರದ ದೋಣಿಗಳು ಆ ಗೆರೆ ದಾಟಿದವೆಂದು ಹಿಡಿಯಲ್ಪಡುತ್ತವೆ. ಅಲ್ಲಿ ಬಲೆ ಬೀಸುವವನಿಗೆ ಯಾವ ಅರ್ಥ ನಿಜ? ಅವನಿಗೆ ಬೇಕಾದದ್ದು ಗೆರೆ ಎಲ್ಲಿದೆ ಎಂಬುದು. ಹೆಸರು ತೋರಿಸಿದರೆ ಸಾಕು ಎನ್ನುವ ಮಿಲ್ ಅವನ ದೋಣಿಯಲ್ಲಿ ನನಗಿಂತ ಉಪಯೋಗಕ್ಕೆ ಬಂದಾನು. ಹೀಗೆ ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ.

ಸಂಜೆ ಮಾಣಿಗೆ ರಾಬರ್ಟ್ ಪಾಕ್‌ನ ವಿಷಯ ಹೇಳಿದೆ. ಗಮನವಿಟ್ಟು ಕೇಳಿದ. ‘ಹಂಗಾದ್ರೆ ಪರೀಕ್ಷೆಲಿ ಎಂತ ಬರೆಯದು?’ ಅಂದ. ಪುಸ್ತಕದಲ್ಲಿದ್ದಂತೆಯೇ ಬರಿ ಎಂದೆ. ಪಾಕ್ ಜಲಸಂದಿ ಎಂದು ಬರೆದ, ದಕಾರವನ್ನು ಸೀಳಿರಲಿಲ್ಲ. ತಿದ್ದಲೆಂದು ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡವನು, ಆ ಅಕ್ಷರವನ್ನೇ ನೋಡುತ್ತ ಕೂತೆ.