ಪದವಿ ಪ್ರಬಂಧವೂ ‘ಸ್ವಂತ’ ಎಂಬ ಮಾತೂ

ಪದವಿ ತರಗತಿಯ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಸಿದ್ಧಪಡಿಸಿ ಒಪ್ಪಿಸುವ ಪ್ರಬಂಧದ ಮೊದಲ ಪುಟಗಳಲ್ಲಿ ಒಂದು ಘೋಷಣೆ ಇರುತ್ತದೆ. ರಟ್ಟಿನ ಮೇಲಿನ ಚಿನ್ನದ ಬಣ್ಣದ ಅಕ್ಷರಗಳನ್ನು ಮನೆಮಂದಿಯೆಲ್ಲ ನೋಡುತ್ತಾರೆ. ಕೃತಜ್ಞತೆಯ ಪುಟದಲ್ಲಿ ತಮ್ಮ ಹೆಸರಿದೆಯೇ ಎಂದು ಗೆಳೆಯರು ಹುಡುಕುತ್ತಾರೆ. ಈ ಘೋಷಣೆಯನ್ನು ಮಾತ್ರ ಓದುವವರು ವಿರಳ. ಪ್ರಬಂಧವು ತನ್ನ ಸ್ವಂತ ಕೃತಿಯೆಂದೂ ಬೇರಾವ ಪದವಿಗಾಗಿಯೂ ಇದನ್ನು ಒಪ್ಪಿಸಿಲ್ಲವೆಂದೂ ವಿದ್ಯಾರ್ಥಿಯು ಅಲ್ಲಿ ಮಾತು ಕೊಡುತ್ತಾನೆ. ಕೆಳಗೆ ಸ್ಥಳ, ದಿನಾಂಕ, ಸಹಿ. ಇಪ್ಪತ್ತರ ಆಸುಪಾಸಿನ ತರುಣನೋ ತರುಣಿಯೋ ತನ್ನ ಹೆಸರಿನಲ್ಲಿ ಬರೆದುಕೊಡುವ ಮೊದಲ ಪ್ರಮಾಣ ಬಹುಶಃ ಇದೇ ಆಗಿರುತ್ತದೆ. ಆ ಒಂದು ವಾಕ್ಯವನ್ನು ಕುರಿತು ಕೆಲವು ಮಾತುಗಳನ್ನು ಸಂಘದ ಬಂಧುಗಳ ಮುಂದಿಡಲು ನಾವು ಬಯಸುತ್ತೇವೆ. ಇದರಲ್ಲಿ ವಿದ್ಯಾರ್ಥಿಗಳ ಮೇಲೆ ದೂರಿಲ್ಲ. ಇಲ್ಲಿ ಹೇಳಬೇಕಾದದ್ದು ನಮ್ಮದೇ ಒಂದು ತಪ್ಪಿನ ಕಥೆ.

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಕನ್ನಡವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ಪದವಿಗೆ ಓದುತ್ತಿದ್ದಳು. ಪ್ರಬಂಧಕ್ಕೆ ಆಕೆ ಆಯ್ದುಕೊಂಡದ್ದು ಸುರಂಗ ತೋಡುವವರ ಬದುಕು ಮತ್ತು ಮಾತು. ಕಾಸರಗೋಡಿನ ಗುಡ್ಡಗಾಡುಗಳಲ್ಲಿ ಹುಟ್ಟಿ ಬೆಳೆದವರಿಗೆ ಸುರಂಗವೆಂದರೇನೆಂದು ಹೇಳಬೇಕಾಗಿಲ್ಲ. ದೂರದಿಂದ ಸಮ್ಮೇಳನಕ್ಕೆ ಬಂದವರಿಗಾಗಿ ಇಷ್ಟು ಹೇಳಬಹುದು: ಮುರಕಲ್ಲಿನ ಗುಡ್ಡದ ಮಗ್ಗುಲನ್ನು ಅಡ್ಡಲಾಗಿ, ಒಬ್ಬ ಮನುಷ್ಯ ನಿಂತು ನಡೆಯುವಷ್ಟೇ ಜಾಗದಲ್ಲಿ, ಕೋಲುಗಟ್ಟಲೆ ಒಳಕ್ಕೆ ಕೊರೆದುಕೊಂಡು ಹೋದರೆ ಒಂದೆಡೆ ಗೋಡೆಯಿಂದ ನೀರು ಜಿನುಗತೊಡಗುತ್ತದೆ. ಆ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಸೇದುವ ಹಗ್ಗವೂ ಬೇಡ, ಪಂಪೂ ಬೇಡ. ನಮ್ಮ ಎಷ್ಟೋ ಅಡಿಕೆ ತೋಟಗಳು ಹಸಿರಾಗಿ ಉಳಿದದ್ದು ಹೀಗೆ ಪಿಕ್ಕಾಸು ಹಿಡಿದು ಕತ್ತಲೆಗೆ ಇಳಿದವರ ಬೆವರಿನಿಂದ.

ಹುಡುಗಿಯು ಅಂತಹ ಒಬ್ಬ ಹಿರಿಯರ ಮನೆಗೆ ಹಲವು ಭಾನುವಾರ ಹೋಗಿ ಕುಳಿತು ಅವರ ಮಾತುಗಳನ್ನು ಬರೆದುಕೊಂಡಳು. ಅರ್ಧ ಪುಸ್ತಕ ತುಂಬಿತು. ಆದರೆ ಆ ಟಿಪ್ಪಣಿಗಳನ್ನು ಅಧ್ಯಾಯಗಳನ್ನಾಗಿ ಮಾಡಲು ಕುಳಿತಾಗ ಕೈ ಓಡಲಿಲ್ಲ. ಮೊದಲ ವಾಕ್ಯವನ್ನು ಬರೆದು ಹೊಡೆದು, ಮತ್ತೆ ಬರೆದು ಹೊಡೆದು, ದಿನಗಳು ಕಳೆದವು. ಒಪ್ಪಿಸುವ ದಿನ ಹತ್ತಿರವಾಯಿತು. ಅದೇ ವೇಳೆಗೆ, ಆಕೆಯ ಕಾಲೇಜಿನಲ್ಲಿ ಕನ್ನಡ ತರಗತಿಗೆ ಸೇರುವವರು ಕಡಿಮೆಯಾಗುತ್ತಿದ್ದಾರೆ, ಹೀಗೆಯೇ ಆದರೆ ಮುಂದೇನು ಎಂಬ ಮಾತು ಊರಿನಲ್ಲಿ ಸುಳಿಯುತ್ತಿತ್ತು. ಒಂದು ಸಂಜೆ ಅವಳ ತಂದೆ ಟಿಪ್ಪಣಿ ಪುಸ್ತಕವನ್ನು ಹಿಡಿದು ನಮ್ಮ ಜಗಲಿಗೆ ಬಂದರು. ಕನ್ನಡ ತೆಗೆದುಕೊಂಡ ಮಗು ಕನ್ನಡದಲ್ಲಿಯೇ ಸೋತರೆ ನಾಳೆ ಯಾರು ತಮ್ಮ ಮಕ್ಕಳನ್ನು ಈ ತರಗತಿಗೆ ಕಳಿಸುತ್ತಾರೆ ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ರಾತ್ರಿ ಕುಳಿತು ಎರಡು ಅಧ್ಯಾಯಗಳನ್ನು ನಾವೇ ಬರೆದುಕೊಟ್ಟೆವು. ಬರೆಯುವಾಗ ಮನಸ್ಸಿಗೆ ಅಳುಕು ಉಂಟಾಗಲಿಲ್ಲ. ಕನ್ನಡದ ಕೆಲಸ ಮಾಡಿದೆವೆಂಬ ಸಂತೋಷವೇ ಇತ್ತು.

ಪ್ರಬಂಧಕ್ಕೆ ಒಳ್ಳೆಯ ಅಂಕಗಳು ಬಂದವು. ಮೌಖಿಕ ಪರೀಕ್ಷೆಯಲ್ಲಿ ಮಾತ್ರ ಪರೀಕ್ಷಕರು ಎರಡನೆಯ ಅಧ್ಯಾಯದ ಒಂದು ವಾಕ್ಯವನ್ನು ಓದಿ ಇದರ ಅರ್ಥವೇನೆಂದು ಕೇಳಿದಾಗ ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕುಳಿತಳಂತೆ. ಅದು ನಮ್ಮ ವಾಕ್ಯ. ಬಳಿಕ ಆಕೆ ಒಂದು ಪ್ರತಿಯನ್ನು ಆ ಹಿರಿಯರ ಮನೆಗೆ ಒಯ್ದು ಓದಿ ಹೇಳಿದಳು. ಸುರಂಗದೊಳಗೆ ದೀಪ ಹಚ್ಚಿಡುವುದು ಭೂಮಿತಾಯಿಯ ಆರಾಧನೆಯ ಸಂಕೇತವೆಂದು ನಾವು ಅರ್ಧ ಪುಟ ಬರೆದಿದ್ದೆವು. ಅದನ್ನು ಕೇಳಿ ಅವರು ನಕ್ಕರು. ದೀಪವನ್ನು ಒಯ್ಯುವುದು ಬೆಳಕಿಗಾಗಿ ಮತ್ತು ಗಾಳಿಯನ್ನು ತಿಳಿಯುವುದಕ್ಕಾಗಿ. ಅದು ಮಂಕಾಯಿತೆಂದರೆ ತೋಡುವವನು ಕೂಡಲೇ ಹೊರಗೆ ಬರಬೇಕು, ತಡಮಾಡಿದರೆ ಪ್ರಾಣಕ್ಕೆ ಎರವಾಗುತ್ತದೆ ಎಂದರು. ನಾವು ಹುಡುಗಿಯ ಟಿಪ್ಪಣಿ ಪುಸ್ತಕವನ್ನು ತರಿಸಿ ನೋಡಿದೆವು. ಆಕೆ ಅದನ್ನು ಸರಿಯಾಗಿಯೇ ಬರೆದುಕೊಂಡಿದ್ದಳು. ಮಾತು ತೀರ ಸಾದಾ ಆಯಿತೆಂದು ಅದರ ಮೇಲೆ ಗೆರೆ ಎಳೆದದ್ದು ನಮ್ಮ ಪೆನ್ನು. ಇನ್ನೊಂದು ಸಂಗತಿಯೂ ಆಗ ಕಣ್ಣಿಗೆ ಬಿತ್ತು. ಕೃತಜ್ಞತೆಯ ಪುಟದಲ್ಲಿ ಪ್ರಾಂಶುಪಾಲರು, ಮಾರ್ಗದರ್ಶಕರು, ಗ್ರಂಥಾಲಯದವರು, ಅಕ್ಷರ ಜೋಡಿಸಿದವರು ಎಲ್ಲರ ಹೆಸರೂ ಇತ್ತು. ಆ ಹಿರಿಯರು ಮಾತ್ರ ಪ್ರಬಂಧದ ಉದ್ದಕ್ಕೂ ‘ಒಬ್ಬ ವೃದ್ಧ ಕಾರ್ಮಿಕರು ತಿಳಿಸಿದಂತೆ’ ಎಂಬ ಮಾತಿನೊಳಗೇ ಉಳಿದುಬಿಟ್ಟಿದ್ದರು. ಹಾಗೆ ಬರೆದವರೂ ನಾವೇ.

ಈ ಪ್ರಸಂಗದ ಬಳಿಕ ‘ಸ್ವಂತ’ ಎಂಬ ಪದದ ಅರ್ಥವೇನೆಂಬ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಯಾರಿಂದಲೂ ಏನನ್ನೂ ಪಡೆಯದೆ ಬರೆದದ್ದು ಎಂದು ಅರ್ಥ ಮಾಡಿದರೆ ಲೋಕದಲ್ಲಿ ಸ್ವಂತ ಕೃತಿಯೇ ಇರಲಾರದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶದಿಂದ ಬಹಳಷ್ಟನ್ನು ಪಡೆದಿದೆ. ಆದರೂ ಅದು ಕನ್ನಡದ್ದೇ ಕೃತಿ. ಪಂಪನು ಭಾರತದ ಕಥೆಗಾಗಿ ವ್ಯಾಸರಿಗೆ ಋಣಿ, ಮತ್ತು ಆ ಋಣವನ್ನು ಕಾವ್ಯದ ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತಾನೆ. ಪೂರ್ವಕವಿಗಳನ್ನು ನೆನೆದು ಕಾವ್ಯವನ್ನು ತೊಡಗುವುದು ನಮ್ಮ ಹಳೆಯ ಕವಿಗಳ ಪದ್ಧತಿಯೇ ಆಗಿತ್ತು. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಒಬ್ಬರ ಶಬ್ದವನ್ನೂ ಅರ್ಥವನ್ನೂ ಮತ್ತೊಬ್ಬರು ಎತ್ತಿಕೊಳ್ಳುವ ಬಗೆಗಳನ್ನು ವಿಂಗಡಿಸಿ ವಿವೇಚಿಸಿದ್ದಾನೆ. ಎಂದರೆ ಪಡೆಯುವುದು ಎಲ್ಲಿಗೆ ಮುಗಿಯುತ್ತದೆ, ಅಪಹರಣವು ಎಲ್ಲಿಂದ ಆರಂಭವಾಗುತ್ತದೆ ಎಂಬ ಚಿಂತೆಯು ಇಂದಿನ ವಿಶ್ವವಿದ್ಯಾನಿಲಯಗಳ ಸೃಷ್ಟಿಯಲ್ಲ.

ನಮಗೆ ಸುರಂಗವೇ ಇದನ್ನು ತಿಳಿಯಲು ಅನುಕೂಲವಾದ ಉದಾಹರಣೆಯಾಗಿ ಕಂಡಿತು. ನೀರು ಗುಡ್ಡದ್ದು; ಅದನ್ನು ತೋಡಿದವನು ಸೃಷ್ಟಿಸಿದ್ದಲ್ಲ. ಆದರೆ ಗುಡ್ಡದ ನೀರು ಅಂಗಳಕ್ಕೆ ಬಂದ ದಾರಿ ಅವನದು. ಎಲ್ಲಿ ಕೊರೆದೆ, ಎಲ್ಲಿ ತಿರುಗಿದೆ, ಏಕೆ ತಿರುಗಿದೆ ಎಂದು ಕೇಳಿದರೆ ಅವನು ಹೇಳಬಲ್ಲ. ಪದವಿ ಪ್ರಬಂಧದ ಸ್ವಂತಿಕೆಯೂ ಇಷ್ಟೇ. ವಿಷಯ ಊರಿನದು, ಪದಗಳು ಹಿರಿಯರವು, ವಿಧಾನ ಗುರುಗಳದು. ಇವೆಲ್ಲವನ್ನೂ ಯಾರಿಂದ ಪಡೆದೆನೆಂದು ಹೇಳಿ, ಪ್ರತಿಯೊಂದು ವಾಕ್ಯಕ್ಕೂ ತಾನೇ ಉತ್ತರ ಕೊಡಬಲ್ಲೆನೆಂದು ನಿಲ್ಲುವುದು ಸ್ವಂತ. ಈ ಅರ್ಥದಲ್ಲಿ ನೋಡಿದರೆ ಆ ಹುಡುಗಿಯ ಓರೆಕೋರೆಯ ಟಿಪ್ಪಣಿಗಳು ಸ್ವಂತ ಕೃತಿಯಾಗಿದ್ದವು. ನಮ್ಮ ಅಧ್ಯಾಯಗಳಿಂದಾಗಿ ಆಕೆಯ ಸಹಿ ಸುಳ್ಳಾಯಿತು.

ನಿಯಮಗಳು ಇದನ್ನು ತಡೆಯಲಾರವೇ ಎಂದು ಕೇಳಬಹುದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ವಿನಿಯಮಗಳನ್ನು ಹೊರಡಿಸಿತು. ಅದರಂತೆ ಇತರರ ಬರಹದೊಡನೆ ಸಾಮ್ಯವು ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40, 40ರಿಂದ 60, 60ಕ್ಕಿಂತ ಮೇಲೆ ಎಂಬ ಮೆಟ್ಟಿಲುಗಳಲ್ಲಿ ದಂಡನೆ ಏರುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ನೋಂದಣಿಯೇ ರದ್ದಾಗುತ್ತದೆ. ಆದರೆ ಆ ವಿನಿಯಮಗಳು ನೋಡುವುದು ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಗಳ ಪ್ರಬಂಧಗಳನ್ನು. ಪ್ರಾಜೆಕ್ಟ್ ವರದಿಗಳನ್ನೂ ತರಗತಿಯ ಬರಹಗಳನ್ನೂ ಹೊರಗಿಟ್ಟಿವೆ. ಅದೂ ಅಲ್ಲದೆ ಯಂತ್ರವು ಅಳೆಯುವುದು ಪದಗಳ ಸಾಮ್ಯವನ್ನು. ನಾವು ಬರೆದುಕೊಟ್ಟ ಅಧ್ಯಾಯಗಳು ಎಲ್ಲಿಂದಲೂ ನಕಲು ಮಾಡಿದವುಗಳಲ್ಲ. ಯಾವ ಯಂತ್ರದ ಕೈಗೂ ಅವು ಸಿಕ್ಕುತ್ತಿರಲಿಲ್ಲ. ಹಣ ಕೊಟ್ಟು ಬರೆಯಿಸಿದ ಪ್ರಬಂಧವೂ ಈಚೆಗೆ ಕಂಪ್ಯೂಟರಿನಿಂದಲೇ ಬರೆಯಿಸಿಕೊಂಡ ಪ್ರಬಂಧವೂ ಇದೇ ಜಾತಿಯವು. ಪ್ರೀತಿಯಿಂದ ಬರೆದುಕೊಟ್ಟದ್ದು ಅವುಗಳಿಗಿಂತ ಮೇಲೆಂದು ನಾವು ನಮ್ಮನ್ನು ಸಮಾಧಾನಪಡಿಸಿಕೊಳ್ಳಲು ಯತ್ನಿಸಿದ್ದೇವೆ. ವಿದ್ಯಾರ್ಥಿಯ ಪಾಲಿಗೆ ಮೂರರ ಫಲವೂ ಒಂದೇ.

ಹಾಗಿದ್ದರೂ ಒಂದು ವಾದವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಕನ್ನಡದ ಪ್ರತಿಯೊಂದು ತರಗತಿಯೂ ತಲೆಯೆಣಿಕೆಯ ಮೇಲೆ ನಿಂತಿದೆ. ಮುಚ್ಚಿದ ತರಗತಿಯನ್ನು ಮತ್ತೆ ತೆರೆಯಿಸುವುದು ಎಷ್ಟು ಕಷ್ಟವೆಂದು ಮನವಿ ಪತ್ರಗಳನ್ನು ಹಿಡಿದು ಕಚೇರಿಗಳನ್ನು ಅಲೆದವರೆಲ್ಲ ಬಲ್ಲರು. ಇಂತಹ ನೆಲದಲ್ಲಿ ಒಂದು ಮಗು ತೇರ್ಗಡೆಯಾಗಲಿ ಎಂದು ಕೈಯಾಸರೆ ಕೊಟ್ಟರೆ ಅದು ಅಪರಾಧವೇ? ಹೊಸೂರಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಗಡಿಯಾಚೆ ಕನ್ನಡ ಕಲಿಸುವವರಿಗೆ ಈ ಪ್ರಶ್ನೆ ಹೊಸದಾಗಿರಲಾರದು.

ನಮ್ಮ ಉತ್ತರ ಇಷ್ಟು. ನಾವು ಉಳಿಸಲು ಹೊರಟದ್ದು ರಟ್ಟು ಕಟ್ಟಿದ ಪ್ರಬಂಧಗಳ ಸಂಖ್ಯೆಯನ್ನಾಗಿದ್ದರೆ ಆ ಎರಡು ರಾತ್ರಿಗಳು ಸಾರ್ಥಕ. ಕನ್ನಡದಲ್ಲಿ ತಾನಾಗಿ ಒಂದು ಪುಟ ಬರೆಯಬಲ್ಲ ಮನುಷ್ಯರನ್ನಾಗಿದ್ದರೆ ನಾವು ಒಬ್ಬರನ್ನು ಕಳೆದುಕೊಂಡೆವು. ಆ ಹುಡುಗಿಗೆ ಪದವಿ ದೊರೆಯಿತು, ಉದ್ಯೋಗವೂ ದೊರೆಯಿತು. ಸಂಘದ ಪತ್ರಿಕೆಗೆ ಏನಾದರೂ ಬರೆಯಮ್ಮಾ ಎಂದಾಗಲೆಲ್ಲ ಆಕೆ ‘ನನಗೆ ಬರೆಯಲು ಬಾರದು’ ಎನ್ನುತ್ತಾಳೆ. ದೀಪದ ವಿಷಯವನ್ನು ಎರಡೇ ಸಾಲಿನಲ್ಲಿ ಸರಿಯಾಗಿ ಬರೆದಿದ್ದವಳಿಗೆ ಈ ಮಾತನ್ನು ಕಲಿಸಿದವರು ನಾವು. ಅವಳು ಸೋತಿದ್ದರೆ ಏನಾಗುತ್ತಿತ್ತು ಎಂಬ ಭಯ ಇಂದಿಗೂ ನಮ್ಮಲ್ಲಿದೆ. ಆದರೆ ಆರು ತಿಂಗಳು ತಡವಾಗಿ ಒಪ್ಪಿಸಿದ ತಪ್ಪುತಪ್ಪಾದ ಪ್ರಬಂಧವು ಆಕೆಯನ್ನು ಇಷ್ಟು ದೂರಕ್ಕೆ ಒಯ್ಯುತ್ತಿರಲಿಲ್ಲವೆಂದೇ ನಮಗೆ ತೋರುತ್ತದೆ.

ಪದವಿಗೂ ಪಾಂಡಿತ್ಯಕ್ಕೂ ಇರುವ ಅಂತರವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯ ಮರಣದಿಂದ ಊರಿಗೆ ಮರಳಿದರು. ಆ ಪದವಿ ಪೂರ್ಣವಾಗಲೇ ಇಲ್ಲ. ಆದರೂ ಕವಿಗಳ, ಅರಸರ ಕಾಲನಿರ್ಣಯಗಳಿಗಾಗಿ ಹಲವು ಭಾಷೆಗಳ ಆಕರಗಳನ್ನು ಅವರು ಜೀವಮಾನವಿಡೀ ಶೋಧಿಸಿದರು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವವನ್ನಿತ್ತಿತು. ಅವರ ಊರಿನವರಾದ ನಾವು ಪದವಿಗಾಗಿ ಶೋಧನೆಯನ್ನು ಕೈಬಿಟ್ಟೆವೆಂದರೆ ಅದು ತಲೆ ತಗ್ಗಿಸುವ ಸಂಗತಿ.

ಈ ಮಾತಿಗೆ ಇಂದು ಅವಸರವೂ ಇದೆ. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ಆರಂಭವಾಯಿತು. ಆಯೋಗವು 2022ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕಗಳನ್ನು ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನು ಆರಿಸಿಕೊಂಡು 12 ಕ್ರೆಡಿಟ್ಟುಗಳ ಪ್ರಬಂಧವನ್ನು ಬರೆಯಬಹುದು. ನಮ್ಮ ಮನೆಗಳಿಂದಲೂ ಅಂತಹ ಮಕ್ಕಳು ಬರುತ್ತಾರೆ, ಬರಬೇಕು. ಆಗ ಅವರು ಟಿಪ್ಪಣಿ ಪುಸ್ತಕ ಹಿಡಿದು ನಮ್ಮ ಜಗಲಿಗೆ ಬಂದರೆ ನಾವು ಮಾಡಬಹುದಾದದ್ದು ಬಹಳಷ್ಟಿದೆ. ಅಟ್ಟದ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಪತ್ರಗಳನ್ನು ತೆಗೆದುಕೊಡಬಹುದು. ಯಕ್ಷಗಾನದ ಅರ್ಥಧಾರಿಗಳ, ಕೃಷಿಕರ, ಕೂಲಿಯವರ ಮನೆಯ ದಾರಿ ತೋರಬಹುದು. ಬರೆದುದನ್ನು ಗಟ್ಟಿಯಾಗಿ ಓದಿಸಿ, ಈ ಮಾತು ಅರ್ಥವಾಗಲಿಲ್ಲ, ಇನ್ನೊಮ್ಮೆ ಬರೆ ಎನ್ನಬಹುದು. ಕಾಗುಣಿತದ ತಪ್ಪಿಗೆ ಅಡಿಗೆರೆ ಎಳೆದು, ತಿದ್ದುವುದನ್ನು ಅವರಿಗೇ ಬಿಡಬಹುದು. ಮಾಹಿತಿ ಕೊಟ್ಟವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಊರನ್ನೂ ಬರೆದಿದ್ದೀಯಾ ಎಂದು ತಪ್ಪದೆ ಕೇಳಬಹುದು. ಒಪ್ಪಿಸಿದ ಪ್ರಬಂಧದ ಒಂದು ಪ್ರತಿಯನ್ನು ಸಂಘದ ಗ್ರಂಥಾಲಯದಲ್ಲಿ ಇರಿಸಿ, ಆ ಹಿರಿಯರನ್ನೇ ಕರೆದು ಅವರ ಮುಂದೆ ಓದಿಸಬಹುದು. ಇದಕ್ಕೆಲ್ಲ ಎರಡು ರಾತ್ರಿಗಳು ಸಾಲವು, ಬರೆದುಕೊಡುವುದೇ ಸುಲಭ.

ಆ ಟಿಪ್ಪಣಿ ಪುಸ್ತಕ ಇನ್ನೂ ನಮ್ಮ ಬಳಿಯಲ್ಲಿದೆ. ದೀಪದ ಪುಟವನ್ನು ಸರಿಪಡಿಸಿ, ಆ ಹಿರಿಯರ ಹೆಸರನ್ನು ಸೇರಿಸಿ, ಸಂಘದ ಪ್ರತಿಯೊಳಗೆ ಇರಿಸಬೇಕೆಂದು ನಾವು ನಿಶ್ಚಯಿಸಿದ್ದೇವೆ. ಅದನ್ನು ಬರೆದುಕೊಡೆಂದು ಆ ಹುಡುಗಿಯನ್ನೇ ಕೇಳಿದ್ದೇವೆ. ಆಕೆ ಇನ್ನೂ ಒಪ್ಪಿಲ್ಲ. ನಾವೂ ಈ ಸಲ ಪೆನ್ನು ಎತ್ತಿಕೊಂಡಿಲ್ಲ.