ಅನ್ನಪಾನನಿರೋಧ

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಶಕ್ತಿಗೆ ಮೀರಿದ ಭಾರವನ್ನು ಹೊರಿಸುವುದು ಎಂಬ ಮೊದಲ ನಾಲ್ಕರಲ್ಲಿ ಮನುಷ್ಯನ ಕೈ ಏನಾದರೊಂದನ್ನು ಮಾಡುತ್ತದೆ. ಐದನೆಯದಾದ ಅನ್ನಪಾನನಿರೋಧದಲ್ಲಿ ಕೈಗೆ ಕೆಲಸವೇ ಇಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ಸಿಟ್ಟಿನಿಂದಲೋ ಲೋಭದಿಂದಲೋ ಹುಲ್ಲು ನೀರು ತಪ್ಪಿಸಿದ ಗೃಹಸ್ಥನು ಕೋಲೆತ್ತಿರುವುದಿಲ್ಲ, ಬೈದೂ ಇರುವುದಿಲ್ಲ, ಸುಮ್ಮನಿದ್ದಾನೆ, ಅಷ್ಟೆ. ಆ ಸುಮ್ಮನಿರುವಿಕೆಯೂ ವ್ರತಕ್ಕೆ ಕಳಂಕವೆಂದು ಆಚಾರ್ಯರು ಎಣಿಸಿದರು. ಪ್ರವಚನದಲ್ಲಿ ಈ ಮಾತು ಬಂದಾಗ ಕೇಳುಗರು ತಮ್ಮ ತಮ್ಮ ಕೊಟ್ಟಿಗೆಗಳನ್ನು ನೆನೆದು, ಅಂತಹ ದೋಷ ತಮ್ಮಲ್ಲಿಲ್ಲವೆಂದು ಸಮಾಧಾನಪಟ್ಟು, ಮುಂದಿನ ಸೂತ್ರಕ್ಕೆ ಹೋಗುವುದು ವಾಡಿಕೆ. ಆದರೆ ಕಟ್ಟಿಹಾಕಿದ್ದು ಹಸುವಾಗಿರದೆ ಇಪ್ಪತ್ತೈದು ಲಕ್ಷ ಜನರಿರುವ ಒಂದು ನಗರವಾಗಿದ್ದರೆ, ಹುಲ್ಲು ತಪ್ಪಿಸಿದವನು ಗೃಹಸ್ಥನಾಗಿರದೆ ಒಂದು ಸೈನ್ಯದ ಅಧಿಪತಿಯಾಗಿದ್ದರೆ, ಅದನ್ನೂ ಅತಿಚಾರವೆಂದು ಕರೆಯಬಹುದೆ? ಇಪ್ಪತ್ತನೆಯ ಶತಮಾನದ ಯುದ್ಧಗಳು ಈ ಪ್ರಶ್ನೆಯನ್ನು ಪುಸ್ತಕದಿಂದ ಹೊರಗೆಳೆದು ಬಯಲಿನಲ್ಲಿ ನಿಲ್ಲಿಸಿದವು.

ಹಸಿವನ್ನು ಆಯುಧವಾಗಿ ಹಿಡಿದ ದೋಷ ಯಾವುದೇ ಒಂದು ರಾಷ್ಟ್ರದ್ದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾಪಡೆ ಜರ್ಮನಿಯ ಸಮುದ್ರಮಾರ್ಗಗಳನ್ನು ಮುಚ್ಚಿತು. 1918ರ ನವೆಂಬರಿನಲ್ಲಿ ಕದನವಿರಾಮವಾದ ಮೇಲೆಯೂ ಆ ದಿಗ್ಬಂಧನ 1919ರ ಜುಲೈವರೆಗೆ ತೆರವಾಗಲಿಲ್ಲ. 1945ರಲ್ಲಿ ಅಮೆರಿಕದ ವಿಮಾನಗಳು ಜಪಾನಿನ ಬಂದರುಗಳ ನೀರಿನಲ್ಲಿ ಸಿಡಿಗುಂಡುಗಳನ್ನು ಹಾಸಿದ ಕಾರ್ಯಾಚರಣೆಗೆ ‘ಸ್ಟಾರ್ವೇಷನ್’ ಎಂದೇ ಹೆಸರಿಟ್ಟಿದ್ದರು. ಆ ಪದಕ್ಕೆ ಹಸಿವಿನಿಂದ ಸಾಯುವುದು ಎಂದೇ ಅರ್ಥ. ಹೆಸರಿಟ್ಟವರಿಗೆ ಸಂಕೋಚವೆನಿಸಿದಂತೆ ಕಾಣುವುದಿಲ್ಲ. ಆದರೂ ಈ ವಿಚಾರದ ತಳ ಕಾಣುವುದು ಇಂದು ಸೇಂಟ್ ಪೀಟರ್ಸ್‌ಬರ್ಗ್ ಎನಿಸಿಕೊಂಡಿರುವ ಲೆನಿನ್‌ಗ್ರಾದ್ ನಗರದ ಮುತ್ತಿಗೆಯಲ್ಲಿ.

1941ರ ಜೂನ್ 22ರಂದು ಜರ್ಮನಿ ಸೋವಿಯತ್ ದೇಶದ ಮೇಲೆ ಏರಿ ಬಂದಿತು. ಸೆಪ್ಟೆಂಬರ್ 8ರಂದು ನಗರಕ್ಕೆ ಉಳಿದಿದ್ದ ಕಡೆಯ ಭೂಮಾರ್ಗ ಮುಚ್ಚಿತು. ಅದೇ ದಿನ ಬದಾಯೆವ್ ಉಗ್ರಾಣಗಳು ಬಾಂಬಿಗೆ ಸಿಕ್ಕಿ ಉರಿದವು. ಅಂದಿನಿಂದ 1944ರ ಜನವರಿ 27ರವರೆಗೆ 872 ದಿನಗಳು. ನವೆಂಬರ್ 20ರಿಂದ ಡಿಸೆಂಬರ್ 25ರವರೆಗಿನ ಐದು ವಾರಗಳಲ್ಲಿ ಕಾರ್ಖಾನೆಯ ಕೆಲಸಗಾರನಿಗೆ ದಿನಕ್ಕೆ 250 ಗ್ರಾಂ, ಮಕ್ಕಳಿಗೂ ವೃದ್ಧರಿಗೂ ಮನೆಯಲ್ಲಿರುವವರಿಗೂ 125 ಗ್ರಾಂ ಬ್ರೆಡ್ ಗೊತ್ತುಮಾಡಲಾಯಿತು. ಅದೂ ಶುದ್ಧ ಹಿಟ್ಟಿನದಲ್ಲ. ಹತ್ತಿಬೀಜದ ಹಿಂಡಿ, ಮರದ ನಾರಿನಿಂದ ತೆಗೆದ ಪುಡಿ ಅದರಲ್ಲಿ ಬೆರೆತಿದ್ದವು. ಹೊರಗೆ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ, ಒಳಗೆ ಉರುವಲಿಲ್ಲ. ಹೆಪ್ಪುಗಟ್ಟಿದ ಲಾದೋಗಾ ಸರೋವರದ ಮೇಲೆ ಲಾರಿಗಳು ತಂದಷ್ಟೇ ಧಾನ್ಯ. 1942ರ ಆರಂಭದಲ್ಲಿ ತಿಂಗಳಿಗೆ ಲಕ್ಷದ ಸಮೀಪ ಜನ ಸತ್ತರು. ಹಸಿವಿನಿಂದ ಸತ್ತವರು 6,32,253 ಎಂಬ ಲೆಕ್ಕ ನ್ಯೂರೆಂಬರ್ಗ್ ವಿಚಾರಣೆಯ ಮುಂದೆ ಬಂದಿತು. ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚೆಂದು ಅನಂತರದ ಇತಿಹಾಸಕಾರರಲ್ಲಿ ಹಲವರ ಅಭಿಪ್ರಾಯ.

ಮುತ್ತಿಗೆ ಹಾಕಿದವರ ಉದ್ದೇಶ ನಗರವನ್ನು ಗೆಲ್ಲುವುದಾಗಿತ್ತೆ? ಅಷ್ಟೇ ಆಗಿದ್ದರೆ ಶರಣಾಗತಿಗೆ ಬಾಗಿಲು ತೆರೆದಿರಬೇಕಾಗಿತ್ತು. 1941ರ ಅಕ್ಟೋಬರ್ 7ರಂದು ಜರ್ಮನ್ ಸೇನಾ ಪ್ರಧಾನ ಕಾರ್ಯಾಲಯದಿಂದ ಜೋಡ್ಲ್ ಸಹಿ ಮಾಡಿ ಕಳುಹಿಸಿದ ನಿರೂಪ, ನಗರವು ತಾನಾಗಿ ಶರಣು ಬಂದರೂ ಸ್ವೀಕರಿಸಕೂಡದೆಂದು ತಿಳಿಸಿತು. ಇಲ್ಲಿಗೆ ವಿಷಯ ಸ್ಪಷ್ಟವಾಯಿತು. ಸೋಲಿಸುವುದಕ್ಕಾಗಿ ಅನ್ನವನ್ನು ತಡೆದದ್ದಲ್ಲ, ಸಾಯಲೆಂದೇ ತಡೆದದ್ದು.

ಆ ಉತ್ತರ ಸೇನಾಸಮೂಹದ ಅಧಿಪತಿ ಫೀಲ್ಡ್ ಮಾರ್ಷಲ್ ವಿಲ್ಹೆಲ್ಮ್ ರಿಟರ್ ಫಾನ್ ಲೇಬ್. ಈತನನ್ನು ಕ್ರೂರಿಗಳ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ನ್ಯಾಯವಲ್ಲ. ಲೇಬ್ ಶ್ರದ್ಧಾವಂತ ಕ್ಯಾಥೊಲಿಕ್. 1939ರ ಅಕ್ಟೋಬರಿನಲ್ಲಿ, ತಟಸ್ಥವಾಗಿದ್ದ ಬೆಲ್ಜಿಯಂ ದೇಶದ ಮೇಲೆ ನುಗ್ಗುವುದು ಸಲ್ಲದೆಂದು ಮೇಲಧಿಕಾರಿಗಳಿಗೆ ಬರೆದು ತಿಳಿಸಿದ್ದವನು. ಅಂತಹವನ ಮುಂದೆ 1941ರ ಶರತ್ಕಾಲದಲ್ಲಿ ಒಂದು ಪ್ರಶ್ನೆ ಬಂದಿತು: ಹಸಿವು ತಾಳಲಾರದೆ ಹೆಂಗಸರು ಮಕ್ಕಳು ನಗರದಿಂದ ಹೊರಟು ಜರ್ಮನ್ ಸಾಲುಗಳತ್ತ ಬಂದರೆ ಏನು ಮಾಡಬೇಕು? ಫಿರಂಗಿಗಳಿಂದ ಗುಂಡು ಹಾರಿಸಿ ಹಿಂದಕ್ಕಟ್ಟಬೇಕೆಂಬ ಆಜ್ಞೆ ಹೊರಟಿತು. ಸಾಧ್ಯವಾದಷ್ಟು ದೂರದಲ್ಲಿಯೇ ಇದಾಗಬೇಕು; ಹತ್ತಿರಕ್ಕೆ ಬಂದರೆ ಕಾಲಾಳುಗಳು ಅವರ ಮುಖ ನೋಡಿ ಗುಂಡಿಕ್ಕಬೇಕಾಗುತ್ತದೆ, ಸೈನಿಕರ ಮನಸ್ಸು ಅದನ್ನು ತಡೆಯಲಾರದು. ಈ ಮುಂದಾಲೋಚನೆಯನ್ನು ಎರಡು ಬಾರಿ ಓದಬೇಕು. ಕೊಲ್ಲುವ ಕೈಗೆ ಕೊಲೆಯ ಸ್ಪರ್ಶವಾಗದಂತೆ ಎಚ್ಚರ ವಹಿಸಿದವನಿಗೆ ತಾನು ಮಾಡುತ್ತಿರುವುದು ಏನೆಂದು ತಿಳಿದಿರಲಿಲ್ಲವೆನ್ನಲು ಸಾಧ್ಯವೆ? ಸೈನಿಕನಲ್ಲಿ ಕರುಣೆಯಿದೆಯೆಂದು ಅವನು ಬಲ್ಲ. ಆ ಕರುಣೆ ಕೆಲಸಕ್ಕೆ ಅಡ್ಡಬರದಷ್ಟು ದೂರವನ್ನು ಅಳೆದು ಕೊಟ್ಟ.

ಯುದ್ಧ ಮುಗಿದ ಮೇಲೆ ಅಮೆರಿಕದ ನ್ಯಾಯಮಂಡಲಿಯೊಂದು ನ್ಯೂರೆಂಬರ್ಗಿನಲ್ಲಿ ಲೇಬನನ್ನೂ ಇತರ ಸೇನಾಪತಿಗಳನ್ನೂ ವಿಚಾರಿಸಿ 1948ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ಮುತ್ತಿಗೆಯಲ್ಲಿ ಶತ್ರುನಗರಕ್ಕೆ ಆಹಾರ ಹೋಗದಂತೆ ಮಾಡುವುದು, ಹೊರಬರುವ ಜನರನ್ನು ಮರಳಿ ಅಟ್ಟುವುದು, ಇವೆರಡೂ ಅಂದಿನ ಯುದ್ಧವಿಧಿಯ ಪ್ರಕಾರ ಅಪರಾಧವಲ್ಲವೆಂದು ನ್ಯಾಯಾಧೀಶರು ಕಂಡುಕೊಂಡರು. ವಿಧಿ ಹೀಗಿಲ್ಲದಿದ್ದರೆ ಚೆನ್ನಾಗಿತ್ತೆಂಬ ಖೇದವನ್ನು ಅವರೇ ತೋಡಿಕೊಂಡರು. ಲೇಬನಿಗೆ ಬೇರೊಂದು ಆರೋಪದ ಮೇಲೆ ಮೂರು ವರ್ಷ ಶಿಕ್ಷೆಯಾಯಿತು. ಅಷ್ಟು ಕಾಲ ಆಗಲೇ ಸೆರೆಯಲ್ಲಿದ್ದುದರಿಂದ ಬಿಡುಗಡೆಯಾದ. ನಾಗರಿಕರನ್ನು ಹಸಿವಿಗೆ ಗುರಿಮಾಡುವುದನ್ನು ಯುದ್ಧದ ವಿಧಾನವಾಗಿ ಬಳಸಕೂಡದೆಂದು ಜಿನೀವಾ ಒಪ್ಪಂದಗಳಿಗೆ ಸೇರಿಸಿದ ನಿಬಂಧನೆ ಬಂದದ್ದು 1977ರಲ್ಲಿ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇದೇ ಮಾತನ್ನು 2018ರ ಗೊತ್ತುವಳಿಯಲ್ಲಿ ಮತ್ತೆ ಹೇಳಬೇಕಾಯಿತೆಂದರೆ, ನಿಬಂಧನೆ ಎಷ್ಟರಮಟ್ಟಿಗೆ ನಡೆದಿದೆಯೆಂಬುದನ್ನು ಊಹಿಸಬಹುದು.

ಕೊಟ್ಟಿಗೆಯ ಹಸುವಿಗೆ ಹುಲ್ಲು ತಪ್ಪಿಸುವುದು ದೋಷವೆಂದು ಹದಿನೈದು ಶತಮಾನಗಳಿಗೂ ಹಿಂದೆ ಹೇಳಿದ ಪರಂಪರೆಗೆ ಈ ತೀರ್ಪು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಶಾಸ್ತ್ರದ ಮಾತನ್ನು ಆತುರದಿಂದ ಅನ್ವಯಿಸುವುದೂ ತಪ್ಪಾದೀತು. ಅತಿಚಾರವೆಂದರೆ ವ್ರತದ ಒಂದಂಶಕ್ಕೆ ತಗಲುವ ಭಂಗ. ವ್ರತಿಯ ಮನಸ್ಸಿನಲ್ಲಿ ವ್ರತದ ಅಪೇಕ್ಷೆ ಇನ್ನೂ ಉಳಿದಿದೆ. ಹಸುವನ್ನು ಉಪವಾಸ ಕೆಡವಿದ ಗೃಹಸ್ಥನಿಗೆ ಹಸು ಸಾಯಲೆಂಬ ಭಾವನೆಯಿಲ್ಲ. ಅದೇ ಕ್ರಿಯೆ, ಅದೇ ಸುಮ್ಮನಿರುವಿಕೆ, ಸಾಯಲೆಂಬ ಭಾವದೊಡನೆ ಕೂಡಿದಾಗ ಅದು ಅತಿಚಾರದ ಎಲ್ಲೆಯನ್ನು ದಾಟಿ ಸಂಕಲ್ಪೀ ಹಿಂಸೆಯಾಗುತ್ತದೆ. ಜೋಡ್ಲನ ನಿರೂಪದ ಮಹತ್ತ್ವ ಇರುವುದು ಇಲ್ಲಿ: ಭಾವವನ್ನು ಅದು ಕಾಗದದ ಮೇಲೆ ಇಳಿಸಿತು. ನಿರೂಪ ಕಳುಹಿಸಿದವನು, ಆಜ್ಞೆ ಕೊಟ್ಟವನು, ಫಿರಂಗಿಯ ಹಗ್ಗ ಎಳೆದವನು, ಊರಿನಲ್ಲಿ ಕುಳಿತು ತಲೆದೂಗಿದವನು, ಇವರಲ್ಲಿ ದೋಷಿ ಯಾರೆಂಬ ಪ್ರಶ್ನೆಗೆ ಕೃತ, ಕಾರಿತ, ಅನುಮೋದಿತಗಳೆಂಬ ವಿಭಾಗವೇ ಉತ್ತರ. ಮಾಡುವವನೊಬ್ಬನಾದರೂ ಫಲ ಹಲವರಿಗೆ ಹಂಚಿಹೋಗುವ ಬಗೆಯನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ್ದಾರೆ.

ನಗರವನ್ನು ಕಾಯುತ್ತಿದ್ದ ಸೈನಿಕನು ಹಾರಿಸಿದ ಗುಂಡು ಬೇರೆ ಬಗೆಯದು. ಗೃಹಸ್ಥನಿಗೆ ಬಿಡಲಾಗದ ವಿರೋಧೀ ಹಿಂಸೆಯಲ್ಲಿ ಅದು ಸೇರುತ್ತದೆ. ಶ್ರಾವಕನು ದಂಡನಾಯಕನೂ ಆಗಿರಬಹುದೆಂಬುದಕ್ಕೆ ಚಾವುಂಡರಾಯನೇ ಸಾಕ್ಷಿ. ಆದರೂ ಆ ಸೈನಿಕನ ಪಾಲಿನ ಬ್ರೆಡ್ಡು ಅದೇ ವಾರಗಳಲ್ಲಿ 500 ಗ್ರಾಂ, ಅವನ ಹಿಂದೆ ನಗರದಲ್ಲಿದ್ದ ಮಗುವಿನದು 125. ರಕ್ಷಣೆಗೆ ನಿಂತವರು ಸಹ ಯಾರಿಗೆ ಅನ್ನ ಕಡಿಮೆ ಮಾಡಬೇಕೆಂದು ಲೆಕ್ಕ ಹಾಕಲೇಬೇಕಾಯಿತು. ಮುತ್ತಿಗೆ ಹಾಕಿದವನು ತನ್ನ ಪಾಪದಲ್ಲಿ ಮುತ್ತಿಗೆಗೊಳಗಾದವರನ್ನೂ ಪಾಲುದಾರರನ್ನಾಗಿ ಮಾಡುತ್ತಾನೆ.

ಉಪವಾಸವನ್ನು ಬಲ್ಲ ಮನೆಗಳಲ್ಲಿ ಈ ಹಸಿವನ್ನು ಉಪವಾಸಕ್ಕೆ ಹೋಲಿಸುವ ಪ್ರಮಾದ ಆಗಬಾರದು. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ನೀರಷ್ಟನ್ನೇ ತೆಗೆದುಕೊಂಡ ತಾಯಿಗೆ ಪಾರಣೆಯ ದಿನ ಗೊತ್ತು. ಪಾರಣೆ ಮಾಡಿಸಲು ಮನೆಮಂದಿಯೆಲ್ಲ ಕಾದಿರುತ್ತಾರೆ. ಲೆನಿನ್‌ಗ್ರಾದಿನವರಿಗೆ ಪಾರಣೆಯ ತಿಥಿಯಿರಲಿಲ್ಲ. ಆಹಾರ ಮುಂದಿದ್ದು ತಾನಾಗಿ ಬಿಟ್ಟಾಗ ಮಾತ್ರ ಅದು ತ್ಯಾಗ.

ಆದರೆ ಆಹಾರ ಮುಂದಿದ್ದೂ ಬಿಟ್ಟವರು ಅದೇ ನಗರದಲ್ಲಿದ್ದರು. ಸಂತ ಐಸಾಕ್ ಚೌಕದ ಬಳಿ ಅಖಿಲ ಸೋವಿಯತ್ ಸಸ್ಯಸಂಶೋಧನ ಸಂಸ್ಥೆಯ ಬೀಜಭಂಡಾರವಿತ್ತು. ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಮತ್ತು ಅವರ ಸಂಗಡಿಗರು ಹಲವು ಖಂಡಗಳನ್ನು ಸುತ್ತಿ ತಂದ ಒಂದು ಲಕ್ಷಕ್ಕೂ ಮೀರಿದ ಮಾದರಿಗಳು, ಗೋಧಿ, ಭತ್ತ, ಜೋಳ, ದ್ವಿದಳಗಳು, ಅಲ್ಲಿ ಪೊಟ್ಟಣಗಳಲ್ಲಿದ್ದವು. ಬರಗಾಲಗಳಿಗೆ ಎದುರಾಗಿ ನಿಲ್ಲಬಲ್ಲ ತಳಿಗಳನ್ನು ಇವುಗಳಿಂದ ಬೆಳೆಸಬೇಕೆಂಬುದು ಉದ್ದೇಶ. ಸಂಸ್ಥೆಯವರು ಇಲಿಗಳನ್ನು ಓಡಿಸುತ್ತ, ಗೆಡ್ಡೆಗಳು ಹೆಪ್ಪುಗಟ್ಟದಂತೆ ಸಿಕ್ಕ ಕಟ್ಟಿಗೆಯಿಂದ ನೆಲಮಾಳಿಗೆಯನ್ನು ಬೆಚ್ಚಗಿಡುತ್ತ ಆ ಭಂಡಾರವನ್ನು ಕಾದರು. ನೆಲಗಡಲೆಯ ತಜ್ಞ ಅಲೆಕ್ಸಾಂದರ್ ಷೂಕಿನ್ ತನ್ನ ಮೇಜಿನ ಬಳಿಯೇ ಸತ್ತ. ಭತ್ತದ ತಜ್ಞ ದ್ಮಿತ್ರಿ ಇವಾನೋವ್ ಸತ್ತಾಗ ಅವನ ಸುತ್ತ ಅಕ್ಕಿಯ ಪೊಟ್ಟಣಗಳು ಸಾವಿರಾರು. ಓಟ್ಸ್ ಧಾನ್ಯದ ತಜ್ಞೆ ಲಿಲಿಯಾ ರೋದಿನಾ ಕೂಡ ಹಸಿವಿನಿಂದಲೇ ಸತ್ತಳು. ಪೊಟ್ಟಣಗಳು ಉಳಿದವು. ಆಲೂಗೆಡ್ಡೆಯ ಸಂಗ್ರಹವನ್ನು ಕಾದು ಬದುಕಿ ಉಳಿದ ವಾದಿಮ್ ಲೆಖ್ನೋವಿಚ್ ಅನಂತರದ ವರ್ಷಗಳಲ್ಲಿ, ಬೆಳಿಗ್ಗೆ ಏಳುವುದು, ಕೈಕಾಲು ಆಡಿಸುವುದು ಕಷ್ಟವಾಗಿತ್ತು, ಸಂಗ್ರಹವನ್ನು ತಿನ್ನದಿರುವುದು ಕಷ್ಟವಾಗಿರಲಿಲ್ಲವೆಂದು ಹೇಳಿದ್ದುಂಟು. ಅನಂತಕಾಯವೆಂದು ಶ್ರಾವಕರ ಅಡಿಗೆಮನೆಯಿಂದ ದೂರವಿಟ್ಟಿರುವ ಆಲೂಗೆಡ್ಡೆಯನ್ನು, ಎಂದೂ ಅಂತಹ ನಿಯಮ ಕೇಳದವರು ಪ್ರಾಣಸಂಕಟದಲ್ಲಿಯೂ ಮುಟ್ಟದೆ ಕಾದರು. ಕಾರಣ ಬೇರೆ, ಸಂಯಮ ಮಾತ್ರ ಬೇರೆಯೆನ್ನಲಾಗದು.

ಇದನ್ನು ಸಲ್ಲೇಖನವೆನ್ನಬಹುದೆ? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಉಪಸರ್ಗ, ದುರ್ಭಿಕ್ಷಗಳನ್ನು ಸಲ್ಲೇಖನದ ನಿಮಿತ್ತಗಳಾಗಿ ಹೇಳಿರುವುದರಿಂದ ಕೆಲವರಿಗೆ ಹಾಗೆ ತೋರಬಹುದು. ಆದರೆ ಇವರು ಸಾವನ್ನು ಸ್ವೀಕರಿಸಿದವರಲ್ಲ. ತಮ್ಮ ಪಾಲಿನ 125 ಗ್ರಾಂ ಬ್ರೆಡ್ಡನ್ನು ಸಾಲಿನಲ್ಲಿ ನಿಂತು ತಂದು ತಿಂದವರು, ಬದುಕಬೇಕೆಂದಿದ್ದವರು. ಅವರ ಆಚರಣೆ ಅಚೌರ್ಯಕ್ಕೆ ಹೆಚ್ಚು ಹತ್ತಿರ. ತಮಗೆ ಕೊಡದುದನ್ನು ಮುಟ್ಟಲಿಲ್ಲ, ಇನ್ನೂ ಹುಟ್ಟದವರ ಸೊತ್ತೆಂದು ಬಗೆದರು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅದೇ ಬೀದಿಯ ಮನೆಯಲ್ಲಿ ಮಗುವೊಂದು ಸಾಯುತ್ತಿರುವಾಗ ಅಕ್ಕಿಯನ್ನು ಪೊಟ್ಟಣದಲ್ಲಿಟ್ಟು ಕಾಯುವುದು ತಾನೇ ಅನ್ನಪಾನನಿರೋಧವಲ್ಲವೆ? ಭಂಡಾರವನ್ನೆಲ್ಲ ಹಂಚಿದ್ದರೂ ಅಷ್ಟು ದೊಡ್ಡ ನಗರಕ್ಕೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲವೆಂಬ ಸಮಾಧಾನವಿದೆ. ಅದು ಲೆಕ್ಕದ ಸಮಾಧಾನ. ಮಗುವಿನ ತಾಯಿಗೆ ಒಪ್ಪಿಗೆಯಾಗುವಂತಹುದಲ್ಲ. ಹೆಚ್ಚೆಂದರೆ ಇಷ್ಟು ಹೇಳಬಹುದು: ಕಾದವರು ಅನ್ನವನ್ನು ಪರರಿಗೆ ತಡೆಯುವ ಮೊದಲು ತಮಗೇ ತಡೆದುಕೊಂಡಿದ್ದರು. ಆ ಅಕ್ಕಿಯಲ್ಲಿ ಒಂದು ಹಿಡಿಯಾದರೂ ಇವಾನೋವನ ಹೊಟ್ಟೆ ಸೇರಿದ್ದಿದ್ದರೆ ಅವನ ಪಕ್ಷದಲ್ಲಿ ವಾದಿಸಲು ಮಾತು ಉಳಿಯುತ್ತಿರಲಿಲ್ಲ. ಲೇಬನು ಇತರರ ಅನ್ನವನ್ನು ತಡೆದ ದಿನಗಳಲ್ಲಿ ಅವನ ಊಟ ತಪ್ಪಿರಲಿಲ್ಲ.

ಈ ಭಂಡಾರವನ್ನು ಕಟ್ಟಿದ ವಾವಿಲೋವ್ ಆಗ ಅಲ್ಲಿರಲಿಲ್ಲ. ತಮ್ಮದೇ ಸರಕಾರದ ಅವಕೃಪೆಗೆ ಪಾತ್ರರಾಗಿ 1940ರ ಆಗಸ್ಟ್ 6ರಂದು ಬಂಧಿತರಾದ ಅವರಿಗೆ ಮರಣದಂಡನೆಯಾಗಿ, ಅನಂತರ ಅದು ಇಪ್ಪತ್ತು ವರ್ಷಗಳ ಸೆರೆವಾಸವಾಗಿ ಬದಲಾಗಿತ್ತು. 1943ರ ಜನವರಿ 18ರಂದು ಸೋವಿಯತ್ ಸೈನ್ಯ ಮುತ್ತಿಗೆಯ ಸುತ್ತನ್ನು ಒಂದು ಕಡೆ ಒಡೆದು, ನಗರಕ್ಕೆ ಧಾನ್ಯ ಬರಲು ಕಿರಿದಾದ ಭೂಮಾರ್ಗವನ್ನು ತೆರೆಯಿತು. ಅದಾದ ಎಂಟನೆಯ ದಿನ, ಜನವರಿ 26ರಂದು, ಸರಾತೊವ್ ಸೆರೆಮನೆಯ ಆಸ್ಪತ್ರೆಯಲ್ಲಿ ವಾವಿಲೋವ್ ತೀರಿಕೊಂಡರು. ಸೆರೆಯ ಹಸಿವು ಅವರ ದೇಹವನ್ನು ತಿಂದಿತ್ತು.